ಒಂದೇ ಮಷಿನ್, ಆರು ಮೋಲ್ಡ್: ಬ್ಯಾಚ್ ಎಷ್ಟಿರಬೇಕು, ಯಾವ ಸರದಿಯಲ್ಲಿ ಓಡಿಸಬೇಕು?

ಪ್ಲಾನಿಂಗ್_ಪೀಣ್ಯ

ಪೀಣ್ಯದಲ್ಲಿರುವ ಪ್ಲಾಸ್ಟಿಕ್ ಮೋಲ್ಡಿಂಗ್ ಶಾಪ್. 180 ಟನ್ನಿನ ಒಂದೇ ಇಂಜೆಕ್ಷನ್ ಮಷಿನ್ (ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತಳ್ಳುವ ಯಂತ್ರ) ಮೇಲೆ ಆರು ಮೋಲ್ಡ್ (ಅಚ್ಚು) ಓಡಬೇಕು. ತಿಂಗಳಿಗೆ 25 ದಿನ, ದಿನಕ್ಕೆ ಎರಡು ಶಿಫ್ಟ್, ಊಟ-ಟೀ ಕಳೆದು 15 ಗಂಟೆ. ಲೆಕ್ಕ ಹೀಗಿದೆ (ಎಬಿಎಸ್, ಪಿಪಿ, ನೈಲಾನ್ ಪ್ಲಾಸ್ಟಿಕ್ಕಿನ ಬಗೆಗಳು; ಕ್ಯಾವಿಟಿ ಎಂದರೆ ಒಂದು ಸಲಕ್ಕೆ ಬರುವ ಪೀಸ್, ಸೈಕಲ್ ಎಂದರೆ ಆ ಒಂದು ಸಲಕ್ಕೆ ಹಿಡಿಯುವ ಸಮಯ):

ಹೌಸಿಂಗ್, ಕಪ್ಪು ಎಬಿಎಸ್: ತಿಂಗಳಿಗೆ 24,000, 2 ಕ್ಯಾವಿಟಿ, 40 ಸೆಕೆಂಡ್ ಸೈಕಲ್
ಕವರ್, ತಿಳಿ ಬೂದು ಎಬಿಎಸ್: 12,000, 2 ಕ್ಯಾವಿಟಿ, 36 ಸೆಕೆಂಡ್
ಕ್ಲಿಪ್, ಕಪ್ಪು ನೈಲಾನ್ 66, 30% ಗ್ಲಾಸ್: 40,000, 8 ಕ್ಯಾವಿಟಿ, 30 ಸೆಕೆಂಡ್
ಬ್ರಾಕೆಟ್, ಕಪ್ಪು ಪಿಪಿ: 9,000, 2 ಕ್ಯಾವಿಟಿ, 32 ಸೆಕೆಂಡ್
ನಾಬ್, ಕಪ್ಪು ಎಬಿಎಸ್: 8,000, 4 ಕ್ಯಾವಿಟಿ, 36 ಸೆಕೆಂಡ್
ಕ್ಯಾಪ್, ನ್ಯಾಚುರಲ್ ಪಿಪಿ: 1,500, 1 ಕ್ಯಾವಿಟಿ, 24 ಸೆಕೆಂಡ್

ಮೋಲ್ಡ್ ಬದಲಿಸಲು ಕೊನೆಯ ಒಳ್ಳೆ ಪೀಸಿನಿಂದ ಮುಂದಿನ ಮೊದಲ ಒಳ್ಳೆ ಪೀಸಿನವರೆಗೆ ಸರಾಸರಿ ಎರಡೂವರೆ ಗಂಟೆ. ಬ್ರೇಕ್‌ಡೌನ್, ರಿಜೆಕ್ಷನ್ ಎಲ್ಲ ಸೇರಿ 8% ಸಮಯ ಹೋಗುತ್ತದೆ.

ಈಗಿನ ಪದ್ಧತಿ: ಪ್ರತಿ ಐಟಂ ತಿಂಗಳಿಗೊಮ್ಮೆ, ಪೂರ್ತಿ ತಿಂಗಳ ಮಾಲು ಒಂದೇ ಸಲಕ್ಕೆ. ಪ್ಲಾನ್ ಪ್ರಕಾರ 6 ಬದಲಾವಣೆ. ಆದರೆ ನಡುವೆ ಕಸ್ಟಮರ್ ಫೋನ್ ಬಂದು ಓಡುತ್ತಿರುವ ಮೋಲ್ಡ್ ಇಳಿಸಿ ಇನ್ನೊಂದು ಏರಿಸುವುದರಲ್ಲಿ ತಿಂಗಳ ಕೊನೆಗೆ 17-18 ಆಗಿರುತ್ತದೆ. ಗೋಡೌನ್‌ನಲ್ಲಿ ಹೌಸಿಂಗ್ ರಾಶಿ, ಡಿಸ್ಪ್ಯಾಚ್‌ನಲ್ಲಿ ಕವರ್ ಇಲ್ಲ.

ಇಒಕ್ಯೂ ಸೂತ್ರ (ಸೆಟ್ಟಿಂಗ್ ಮತ್ತು ಸ್ಟಾಕ್ ವೆಚ್ಚ ಸೇರಿ ಅತಿ ಕಡಿಮೆಯಾಗುವ ಬ್ಯಾಚ್ ಹೇಳುವ ಲೆಕ್ಕ) ಹಾಕಿ ಬ್ಯಾಚ್ ಗೊತ್ತು ಮಾಡಿ ಅಂತ ಮೇಲಿನವರು ಹೇಳುತ್ತಿದ್ದಾರೆ. ಮಷಿನ್ ರೇಟ್ ಗಂಟೆಗೆ 400 ರೂ., ಒಂದು ಸೆಟ್ಟಿಂಗ್‌ಗೆ (ಅಂದರೆ ಒಂದು ಮೋಲ್ಡ್ ಬದಲಾವಣೆಗೆ) ಪರ್ಜಿಂಗ್ (ಹಳೆ ಪ್ಲಾಸ್ಟಿಕ್ ತಳ್ಳಿ ಹೊರಹಾಕುವುದು) ಮತ್ತು ಶುರುವಿನ ಸ್ಕ್ರ್ಯಾಪ್ ಸುಮಾರು 500 ರೂ., ಹೌಸಿಂಗ್ ಪೀಸಿಗೆ ವೆಚ್ಚ 10 ರೂ. ಸೂತ್ರ ಸರಿಯಾದ ದಾರಿಯೇ? ಸರದಿ ಹೇಗೆ ಜೋಡಿಸಬೇಕು?

ಐಇ_ಲೆಕ್ಕ

ನಂಬರ್ ಎಲ್ಲ ಕೊಟ್ಟಿದ್ದೀರಿ, ಹಾಗಾಗಿ ಸೂತ್ರ ಹಾಕಿಯೇ ನೋಡೋಣ.

ಹೌಸಿಂಗ್ ವರ್ಷಕ್ಕೆ 2,88,000. ಸೆಟ್ಟಿಂಗ್ ವೆಚ್ಚ = ಎರಡೂವರೆ ಗಂಟೆ × 400 + 500 = 1,500 ರೂ. ಸ್ಟಾಕ್ ಇಟ್ಟುಕೊಳ್ಳುವ ವೆಚ್ಚ ವರ್ಷಕ್ಕೆ 20% ಹಿಡಿದರೆ ಪೀಸಿಗೆ 2 ರೂ. ಎರಡು × ಬೇಡಿಕೆ × ಸೆಟ್ಟಿಂಗ್ ವೆಚ್ಚ, ಅದನ್ನು 2 ರೂ.ಗೆ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 20,800. ಮಾಲು ಒಮ್ಮೆಲೇ ಬರುವುದಿಲ್ಲ, ಓಡುತ್ತ ಓಡುತ್ತ ಖರ್ಚೂ ಆಗುತ್ತದೆ. ಆ ತಿದ್ದುಪಡಿ ಸೇರಿಸಿದರೆ (ದಿನದ ಉತ್ಪಾದನೆ 2,700, ದಿನದ ಬೇಡಿಕೆ 960) ಸುಮಾರು 26,000.

ಅಂದರೆ ಈಗ ನೀವು ಮಾಡುತ್ತಿರುವುದಕ್ಕಿಂತ ದೊಡ್ಡ ಬ್ಯಾಚ್! ಗಂಟೆಗೆ 180 ಪೀಸ್ ಲೆಕ್ಕದಲ್ಲಿ 144 ಗಂಟೆ, ಒಂಬತ್ತೂವರೆ ದಿನ ಮಷಿನ್ ಮೇಲೆ ಹೌಸಿಂಗ್ ಬಿಟ್ಟು ಬೇರೇನೂ ಇಲ್ಲ. ಅಷ್ಟೂ ದಿನ ಕ್ಲಿಪ್ ಸಾಗಿಸಬೇಕಾದರೆ 15,000ಕ್ಕೂ ಮೇಲೆ ಸ್ಟಾಕ್ ಮೊದಲೇ ಇರಬೇಕು. ಕವರ್ 4,600. ನಿಮ್ಮ ಕವರ್ ಯಾಕೆ ಖಾಲಿಯಾಗುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಈ ಇಒಕ್ಯೂ ಸೂತ್ರ ತಪ್ಪಲ್ಲ. ಅದು ನೋಡುವುದು ಒಂದೇ ಐಟಂ. ಮಷಿನ್ ಬೇರೆಯವರಿಗೂ ಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಆರು ಐಟಂ ಒಂದೇ ಮಷಿನ್ ಹಂಚಿಕೊಂಡಾಗ ಆರು ಬೇರೆ ಬೇರೆ ಉತ್ತರ ಬಂದು ಒಂದರ ಮೇಲೊಂದು ಬೀಳುತ್ತವೆ.

ಇನ್ನೊಂದು ತೊಂದರೆ ಆ 1,500 ರೂಪಾಯಿಯಲ್ಲಿದೆ. ಮಷಿನ್ ಖಾಲಿ ಇರುವ ಹೊತ್ತಿನಲ್ಲಿ ಸೆಟ್ಟಿಂಗ್ ಮಾಡಿದರೆ ಆ 1,000 ರೂ. ಯಾರ ಜೇಬಿನಿಂದಲೂ ಹೋಗುವುದಿಲ್ಲ, ಹೋಗುವುದು 500 ಮಾತ್ರ. ಹಾಗೆ ಹಾಕಿದರೆ ಅದೇ ಸೂತ್ರದಲ್ಲಿ 26,000 ಇಳಿದು 15,000ಕ್ಕೆ ಬರುತ್ತದೆ. ಮಷಿನ್ ತುಂಬಿ ತುಳುಕುತ್ತಿದ್ದರೆ ಒಂದು ಗಂಟೆಯ ಬೆಲೆ 400 ಅಲ್ಲ, ಆ ಗಂಟೆಯಲ್ಲಿ ಮಾರಬಹುದಾಗಿದ್ದ ಮಾಲಿನ ಲಾಭ. ಈ ಮೂರರಲ್ಲಿ ಯಾವುದನ್ನು ಹಿಡಿಯುತ್ತೀರೋ ಅದರಂತೆ ಉತ್ತರ.

ಹಾಗಾಗಿ ರೂಪಾಯಿ ಬಿಟ್ಟು ಗಂಟೆಯಲ್ಲಿ ಲೆಕ್ಕ ಮಾಡಿ. ಓಡುವ ಸಮಯ: ಹೌಸಿಂಗ್ 133.3, ಕವರ್ 60, ಕ್ಲಿಪ್ 41.7, ಬ್ರಾಕೆಟ್ 40, ನಾಬ್ 20, ಕ್ಯಾಪ್ 10. ಒಟ್ಟು 305 ಗಂಟೆ. ನಿಮ್ಮಲ್ಲಿರುವುದು 375, ಅದರಲ್ಲಿ 8% ಅಂದರೆ 30 ಹೋದರೆ 345. ಉಳಿದದ್ದು 40 ಗಂಟೆ. ಎರಡೂವರೆ ಗಂಟೆಯಂತೆ 16 ಬದಲಾವಣೆ. ಅಷ್ಟೇ. ಈಗ 17-18 ಆಗುತ್ತಿದೆ ಎಂದಿರಿ, ಅಂದರೆ 45 ಗಂಟೆವರೆಗೆ. ಪ್ರತಿ ತಿಂಗಳು ಕೊನೆಯಲ್ಲಿ ಓವರ್‌ಟೈಮ್ ಬೀಳುತ್ತಿರಬೇಕಲ್ಲ?

ಆ 16ನ್ನು ನೀವೇ ಹಂಚಿ: ಹೌಸಿಂಗ್ 3, ಕವರ್ 3, ಕ್ಲಿಪ್ 3, ಬ್ರಾಕೆಟ್ 3, ನಾಬ್ 2, ಕ್ಯಾಪ್ 1. ಒಟ್ಟು 15. ಒಂದು ಕೈಯಲ್ಲಿರಲಿ. ಬ್ಯಾಚ್ ತಾನಾಗಿಯೇ ಬರುತ್ತದೆ: ಹೌಸಿಂಗ್ 8,000, ಕವರ್ 4,000, ಕ್ಲಿಪ್ 13,300 ಚಿಲ್ಲರೆ, ಬ್ರಾಕೆಟ್ 3,000, ನಾಬ್ 4,000, ಕ್ಯಾಪ್ 1,500. ಕ್ಯಾಪ್ ತಿಂಗಳಿಗೆ ಹತ್ತೇ ಗಂಟೆಯ ಮಾಲು, ಅದನ್ನು ಮೂರು ತುಂಡು ಮಾಡಿ ಮೂರು ಸೆಟ್ಟಿಂಗ್ ಕೊಡುವುದು ದಂಡ. ಸಣ್ಣ ಐಟಂಗೆ ದೊಡ್ಡ ಬ್ಯಾಚ್, ದೊಡ್ಡ ಐಟಂಗೆ ಸಣ್ಣ ಬ್ಯಾಚ್ ಎಂದರೆ ಕೇಳುವವರಿಗೆ ತಲೆಕೆಳಗಾಗಿ ಕಾಣುತ್ತದೆ, ಆದರೆ ದಿನಗಳ ಲೆಕ್ಕದಲ್ಲಿ ನೋಡಿದರೆ ಸರಿಯಾಗಿದೆ.

ಹೌಸಿಂಗ್ ಸ್ಟಾಕಿನ ಶಿಖರ 15,500ರಿಂದ ಸುಮಾರು 5,150ಕ್ಕೆ ಇಳಿಯುತ್ತದೆ. ಎರಡು ದಿನದ ಸೇಫ್ಟಿ ಸ್ಟಾಕ್ ಇದರ ಮೇಲೆ ಬೇರೆ.

ಒಂದು ಎಚ್ಚರಿಕೆ. 305 + 30 + 37.5 = 372.5. ಇರುವುದು 375. ಕಾಗದದ ಮೇಲೆ ಕೂರುತ್ತದೆ, ನೆಲದ ಮೇಲೆ ಕೂರುವುದಿಲ್ಲ. ಒಂದು ಹೀಟರ್ ಬ್ಯಾಂಡ್ ಸುಟ್ಟು ಅರ್ಧ ಶಿಫ್ಟ್ ಹೋದರೆ ಸರದಿಯಲ್ಲಿ ಹಿಂದಿರುವ ಎಲ್ಲವೂ ತಡ. ಲೋಡ್ 100% ಹತ್ತಿರ ಹೋದಂತೆ ಕಾಯುವ ಸಮಯ ಮೆಲ್ಲಗೆ ಏರುವುದಿಲ್ಲ, ನೆಗೆಯುತ್ತದೆ. ಆರಂಭದ ತಿಂಗಳುಗಳಲ್ಲಿ ಒಂದು ಭಾನುವಾರ ಎರಡು ಶಿಫ್ಟ್ ಮೀಸಲಿಡಿ. ಅದು 15 ಗಂಟೆ, ಆರು ಬದಲಾವಣೆಗೆ ಸಮ.

ಬ್ಯಾರೆಲ್_ಬಿಸಿ

ಗಂಟೆ ಲೆಕ್ಕ ಒಪ್ಪಿದೆ. ಆದರೆ "ಸರಾಸರಿ ಎರಡೂವರೆ ಗಂಟೆ" ಎನ್ನುವುದು ಸರದಿ ಮೇಲೆ ನಿಂತಿದೆ. ಹೌಸಿಂಗ್ ಆದ ಮೇಲೆ ನಾಬ್ ಹಾಕಿದರೆ ಎರಡೂ ಕಪ್ಪು ಎಬಿಎಸ್, ಪರ್ಜಿಂಗೇ ಇಲ್ಲ, ಒಂದೂಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು. ಕ್ಲಿಪ್ ಆದ ಮೇಲೆ ನೇರವಾಗಿ ಕವರ್ ಹಾಕಿದರೆ ಮೂರೂವರೆ ಗಂಟೆಯಾದರೂ ಕಪ್ಪು ಚುಕ್ಕೆ ಹೋಗುವುದಿಲ್ಲ.

ನಾನು ಹಾಕುವ ಸರದಿ ಇದು:

ಕ್ಯಾಪ್ → ಕವರ್ → ಹೌಸಿಂಗ್ → ನಾಬ್ → ಬ್ರಾಕೆಟ್ → ಕ್ಲಿಪ್ → ಎಚ್‌ಡಿಪಿಇ (ಇನ್ನೊಂದು ಬಗೆಯ ಪ್ಲಾಸ್ಟಿಕ್) ಪರ್ಜ್ → ಮತ್ತೆ ಮೊದಲಿಗೆ.

ಕಾರಣ ಹೇಳುತ್ತೇನೆ. ತಿಳಿ ಬಣ್ಣದಿಂದ ಕಪ್ಪಿಗೆ ಹೋಗುವುದು ಸುಲಭ, ಕಪ್ಪಿನಿಂದ ತಿಳಿಗೆ ಬರುವುದು ಕಷ್ಟ, ಅದು ಎಲ್ಲರಿಗೂ ಗೊತ್ತು. ಈ ಸರದಿಯಲ್ಲಿ ಆ ಕಷ್ಟ ಸುತ್ತಿಗೆ ಒಂದೇ ಸಲ. ಗೊತ್ತಿದ್ದೂ ತಪ್ಪುವುದು ಬಿಸಿಯ ವಿಷಯದಲ್ಲಿ. ಪಿಪಿ 210ರ ಆಸುಪಾಸು, ಎಬಿಎಸ್ 230-240, ನೈಲಾನ್ 66 ಗ್ಲಾಸ್ 280-290 ಡಿಗ್ರಿ. ಬ್ಯಾರೆಲ್ (ಒಳಗೆ ಸ್ಕ್ರೂ ತಿರುಗುತ್ತ ಪ್ಲಾಸ್ಟಿಕ್ ಕರಗಿಸುವ ಕೊಳವೆ) ಬಿಸಿ ಏರಿಸುವುದು ಬೇಗ ಆಗುತ್ತದೆ, ಇಳಿಸುವುದು ನಿಧಾನ. ಎಬಿಎಸ್ ಬ್ಯಾರೆಲ್‌ನಲ್ಲಿ ಉಳಿದಿರುವಾಗಲೇ 285ಕ್ಕೆ ಏರಿಸಿದರೆ ಅದು ಕರಕಾಗಿ ಸ್ಕ್ರೂಗೆ ಅಂಟಿಕೊಳ್ಳುತ್ತದೆ, ಮುಂದಿನ ಮೂರು ದಿನ ಕಪ್ಪು ಚುಕ್ಕೆ ಉದುರಿಸುತ್ತದೆ. ಅದಕ್ಕೇ ನಡುವೆ ಬ್ರಾಕೆಟ್. ಕಪ್ಪು ಪಿಪಿ ಎಬಿಎಸ್ಸನ್ನು ತಳ್ಳಿ ಹೊರಹಾಕುತ್ತದೆ, ನೈಲಾನ್‌ಗೆ ಬೇಕಾದ ಬಿಸಿಯನ್ನು ಎಬಿಎಸ್‌ಗಿಂತ ಚೆನ್ನಾಗಿ ತಡೆಯುತ್ತದೆ. ಪರ್ಜಿಂಗ್ ಕೆಲಸವನ್ನು ಮಾರುವ ಮಾಲೇ ಮಾಡಿಕೊಡುತ್ತದೆ.

ಬ್ರಾಕೆಟ್ಟಿನ ಮೊದಲ ಕೆಲವು ಶಾಟ್ (ಒಂದು ಸೈಕಲ್‌ನಲ್ಲಿ ಬರುವ ಮಾಲು) ಮಾತ್ರ ಕೈಯಲ್ಲಿ ಮುರಿದು ನೋಡಿ. ಎಬಿಎಸ್ ಉಳಿದಿದ್ದರೆ ಮುರಿದ ಜಾಗದಲ್ಲಿ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ. ಎಬಿಎಸ್ ಮತ್ತು ಪಿಪಿ ಬೆರೆಯುವುದಿಲ್ಲ. ಕಣ್ಣಿಗೆ ಕಾಣದೆ ಪಾಸಾಗಿ ಕಸ್ಟಮರ್ ಹತ್ತಿರ ಸ್ಕ್ರೂ ಹಾಕುವಾಗ ಸೀಳುತ್ತದೆ.

ಕ್ಲಿಪ್ ಮುಗಿದಾಗ ಬಿಸಿ ಇಳಿಸಿ ಆಮೇಲೆ ಪರ್ಜ್ ಮಾಡುವುದಲ್ಲ. ನೈಲಾನ್ 66 ಕರಗುವುದೇ 260 ಡಿಗ್ರಿ ಹತ್ತಿರ, ಅದಕ್ಕಿಂತ ಕೆಳಗೆ ಗಟ್ಟಿಯಾಗಿ ಕೂರುತ್ತದೆ. 280ರಲ್ಲೇ ಎಚ್‌ಡಿಪಿಇ ತಳ್ಳಲು ಶುರು ಮಾಡಿ, ನೈಲಾನ್ ಪೂರ್ತಿ ಹೋದ ಮೇಲೆ ತಳ್ಳುತ್ತಲೇ ಬಿಸಿ ಇಳಿಸಿ. ಫಿಲ್ಮ್ ಅಥವಾ ಬ್ಲೋ ಗ್ರೇಡ್‌ನಂಥ ಗಟ್ಟಿ ಹರಿವಿನ ಎಚ್‌ಡಿಪಿಇ ಇದ್ದರೆ ಒಳ್ಳೆಯದು. ಗ್ಲಾಸ್ ತುಂಬಿದ ನೈಲಾನ್ ಸ್ಕ್ರೂವನ್ನು ಉಜ್ಜಿ ಹಳೆಯ ಕರಕನ್ನು ಸ್ವಲ್ಪ ತೆಗೆದಿರುತ್ತದೆ, ಆದ್ದರಿಂದ ತಿಳಿ ಬಣ್ಣಕ್ಕೆ ಇದೇ ಸರಿಯಾದ ಹೊತ್ತು. ನಾಝಲ್ ಬಿಚ್ಚಿ ಒಳಗಿನ ಅಂಚು ಒರೆಸಿ. ಬೂದು ಕವರ್ ಮೇಲೆ ಬರುವ ಕಪ್ಪು ಗೆರೆ ಬಹುತೇಕ ಅಲ್ಲಿಂದಲೇ ಬರುತ್ತದೆ.

ಇನ್ನು ಡ್ರೈಯರ್. ಹೌಸಿಂಗ್ ಶಾಟ್ ತೂಕ ಎಷ್ಟು?

ಪ್ಲಾನಿಂಗ್_ಪೀಣ್ಯ

ಪೀಸ್ 38 ಗ್ರಾಂ, ಎರಡು ಪೀಸ್ ಮತ್ತು 6 ಗ್ರಾಂ ರನ್ನರ್ (ಪೀಸಿಗೆ ಪ್ಲಾಸ್ಟಿಕ್ ಹೋಗುವ ದಾರಿಯಲ್ಲಿ ಉಳಿಯುವ ಕಡ್ಡಿ) ಸೇರಿ 82 ಗ್ರಾಂ. ಹಾಪರ್ ಡ್ರೈಯರ್ 50 ಕೆಜಿಯದ್ದು ಒಂದೇ ಇದೆ. ಒಂದು ಟ್ರೇ ಓವನ್ ಇದೆ.

ಬ್ಯಾರೆಲ್_ಬಿಸಿ

ಹಾಗಾದರೆ ಗಂಟೆಗೆ 90 ಶಾಟ್, 7.4 ಕೆಜಿ. ಎಬಿಎಸ್‌ಗೆ 80 ಡಿಗ್ರಿಯಲ್ಲಿ ಮೂರು ಗಂಟೆ ಎಂದರೆ ಡ್ರೈಯರ್ ಒಳಗೆ ಯಾವಾಗಲೂ 22 ಕೆಜಿಗಿಂತ ಕಡಿಮೆ ಇರಬಾರದು. 50 ಕೆಜಿ ಸಾಕು, ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಆಪರೇಟರ್ ಪೂರ್ತಿ ಖಾಲಿಯಾದ ಮೇಲೆ ಎರಡು ಚೀಲ ಒಟ್ಟಿಗೆ ಸುರಿದರೆ ಮುಂದಿನ ಎರಡು ಗಂಟೆಯ ಪೀಸಿನ ಮೇಲೆ ತೇವದಿಂದ ಬೆಳ್ಳಿ ಗೆರೆ.

ಒಂದೇ ಡ್ರೈಯರ್ ಇದ್ದರೂ ಈ ಸರದಿಯಲ್ಲಿ ಒಂದು ಅನುಕೂಲ ಇದೆ. ಪಿಪಿಗೆ ಒಣಗಿಸುವ ಅಗತ್ಯ ಇಲ್ಲ. ಬ್ರಾಕೆಟ್ ಓಡುವ 13 ಗಂಟೆ ಸಾದಾ ಹಾಪರ್‌ನಿಂದ ಮಾಲು ಕೊಡಿ, ಡ್ರೈಯರ್ ಇಳಿಸಿ ಸ್ಟ್ಯಾಂಡ್ ಮೇಲಿಟ್ಟು ಕ್ಲಿಪ್ಪಿನ ನೈಲಾನ್ ಒಣಗಿಸಿ. 80 ಡಿಗ್ರಿ, ಕನಿಷ್ಠ ನಾಲ್ಕು ಗಂಟೆ, ಮಳೆಗಾಲದಲ್ಲಿ ಅಥವಾ ಚೀಲ ತೆರೆದಿಟ್ಟಿದ್ದರೆ ಇನ್ನೂ ಹೆಚ್ಚು. ಬ್ರಾಕೆಟ್ ಮುಗಿಯುವ ಹೊತ್ತಿಗೆ ನೈಲಾನ್ ತಯಾರು. ಕ್ಲಿಪ್ ಓಡುವಾಗ ಕವರಿನ ಬೂದು ಎಬಿಎಸ್ ಟ್ರೇ ಓವನ್‌ನಲ್ಲಿ. ಟ್ರೇಯಲ್ಲಿ ಒಂದು ಇಂಚಿಗಿಂತ ದಪ್ಪ ಹರಡಬೇಡಿ, ಕೆಳಗಿನದು ಒಣಗುವುದಿಲ್ಲ.

ಬ್ಯಾಚನ್ನು ಚೀಲಕ್ಕೂ ಹೊಂದಿಸಿಕೊಳ್ಳಿ. 8,000 ಹೌಸಿಂಗ್‌ಗೆ 2% ರಿಜೆಕ್ಷನ್ ಸೇರಿಸಿ 4,080 ಶಾಟ್, 335 ಕೆಜಿ. ಹಿಂದಿನ ಸುತ್ತಿನ ರನ್ನರ್ ಗ್ರೈಂಡ್ ಮಾಡಿದ್ದು 24 ಕೆಜಿ. ಹೊಸದು 311, ಅಂದರೆ 25 ಕೆಜಿಯ 12 ಚೀಲ ಮತ್ತು 11 ಕೆಜಿ. ಹದಿಮೂರನೇ ಚೀಲದಲ್ಲಿ ಉಳಿದ 14 ಕೆಜಿ ನಾಬ್‌ಗೆ ಹೋಗುತ್ತದೆ, ಎರಡಕ್ಕೂ ಡ್ರಾಯಿಂಗ್‌ನಲ್ಲಿ ಅದೇ ಗ್ರೇಡ್ ಇದ್ದರೆ. ಅರ್ಧ ತೆರೆದ ಚೀಲ ಸ್ಟೋರ್‌ಗೆ ಹಿಂತಿರುಗಬಾರದು.

ಮಾಲೀಕ_ಮಾತು

ನೀವೆಲ್ಲ ಸಣ್ಣ ಬ್ಯಾಚ್ ಎನ್ನುತ್ತೀರಿ. ಹೌಸಿಂಗ್ ಒಂದಕ್ಕೇ ತಿಂಗಳಿಗೆ ಎರಡು ಹೆಚ್ಚುವರಿ ಸೆಟ್ಟಿಂಗ್, ಸಾವಿರ ರೂಪಾಯಿ ಮಾಲು ಪರ್ಜಿಂಗ್‌ಗೆ ಹೋಗುತ್ತದೆ. ಉಳಿಯುವುದು ಏನು? ಸರಾಸರಿ ಸ್ಟಾಕ್ 7,700ರಿಂದ 2,600ಕ್ಕೆ ಇಳಿದರೆ 51,000 ರೂ. ಮಾಲು ಕಡಿಮೆ. ಅದರ ಮೇಲೆ ವರ್ಷಕ್ಕೆ 20% ಅಂದರೆ ತಿಂಗಳಿಗೆ 850 ರೂ. ಸಾವಿರ ಕೊಟ್ಟು 850 ಉಳಿಸುವುದು ಯಾವ ವ್ಯಾಪಾರ?

ಐಇ_ಲೆಕ್ಕ

ಲೆಕ್ಕ ಸರಿಯಾಗಿದೆ, ಹೋಲಿಕೆ ಸರಿಯಿಲ್ಲ. ನೀವು 15 ಬದಲಾವಣೆಯನ್ನು 6ರ ಜೊತೆ ಹೋಲಿಸುತ್ತಿದ್ದೀರಿ. ಆ 6 ಇರುವುದು ಪ್ಲಾನಿಂಗ್ ಶೀಟ್‌ನಲ್ಲಿ ಮಾತ್ರ. ನೆಲದ ಮೇಲೆ ಈಗ ನಡೆಯುತ್ತಿರುವುದು 17-18, ಅದೂ ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಂದು ನೋಡದೆ, ಡ್ರೈ ಆಗದ ಮಾಲಿನ ಜೊತೆ, ಕ್ರೇನ್ ಬಿಡುವಿಲ್ಲದ ಹೊತ್ತಿನಲ್ಲಿ. ದೊಡ್ಡ ಬ್ಯಾಚ್ ಇಟ್ಟುಕೊಂಡ ಶಾಪ್‌ನಲ್ಲಿ ಬದಲಾವಣೆ ಕಡಿಮೆ ಇರುತ್ತದೆ ಎಂಬುದು ಪ್ರೊಡಕ್ಷನ್ ಲಾಗ್ ಬುಕ್ ತೆರೆದು ನೋಡುವವರೆಗೆ ಮಾತ್ರ ನಿಜ.

ಬಡ್ಡಿ ಉಳಿತಾಯಕ್ಕಾಗಿ ಬ್ಯಾಚ್ ಸಣ್ಣದು ಮಾಡಿ ಎಂದು ನಾನೂ ಹೇಳುವುದಿಲ್ಲ. ಒಂದು ಸಲ ಕಸ್ಟಮರ್ ಲೈನ್ ನಿಂತಿದ್ದಕ್ಕೆ ದಂಡದ ಡೆಬಿಟ್ ನೋಟ್, ಒಂದು ಸಲ 300 ಕವರ್ ಕಳಿಸಲು ಪ್ರತ್ಯೇಕ ಗಾಡಿ. ಇವೆರಡರ ಬಿಲ್ ತೆಗೆದು ಆ 150 ರೂಪಾಯಿ ವ್ಯತ್ಯಾಸದ ಪಕ್ಕದಲ್ಲಿಡಿ.

ಅಂದಹಾಗೆ ಸೂತ್ರದ ಉತ್ತರ ಸಿಕ್ಕರೂ ಅದಕ್ಕೆ ಅಂಟಿಕೊಳ್ಳಬೇಕಿಲ್ಲ. ವೆಚ್ಚದ ಗೆರೆಯ ತಳ ಅಗಲವಾಗಿದೆ. ಬ್ಯಾಚ್ 30% ಕಡಿಮೆ ಮಾಡಿದರೆ ಸೆಟ್ಟಿಂಗ್ ಮತ್ತು ಸ್ಟಾಕ್ ಎರಡೂ ಸೇರಿದ ವೆಚ್ಚ ಏರುವುದು 6%ರಷ್ಟು. ಅರ್ಧ ಮಾಡಿದರೂ 25%.

ಸೆಟ್ಟರ್_ಸ್ಪ್ಯಾನರ್

ಎಲ್ಲರೂ ಎರಡೂವರೆ ಗಂಟೆಯನ್ನು ಕಲ್ಲಿನ ಮೇಲೆ ಕೆತ್ತಿದಂತೆ ಹಿಡಿದಿದ್ದೀರಿ. ಒಂದು ಬದಲಾವಣೆಯನ್ನು ಮೊಬೈಲಿನಲ್ಲಿ ಪೂರ್ತಿ ವಿಡಿಯೊ ಮಾಡಿ ನಿಮಿಷ ಬರೆಯಿರಿ. ಇಂಥ ಶಾಪ್‌ನಲ್ಲಿ 150 ನಿಮಿಷ ಸುಮಾರು ಹೀಗೆ ಒಡೆಯುತ್ತದೆ: ಹಳೆ ಮೋಲ್ಡ್ ಇಳಿಸಲು 25, ಕ್ಲಾಂಪ್-ಬೋಲ್ಟ್-ಐ ಬೋಲ್ಟ್ ಹುಡುಕಲು 20, ಕ್ರೇನ್‌ಗೆ ಕಾಯಲು 15, ಹೊಸ ಮೋಲ್ಡ್ ಕೂರಿಸಲು 25, ವಾಟರ್ ಲೈನ್ 15, ಪರ್ಜಿಂಗ್ ಮತ್ತು ಬಿಸಿ 25, ಮೊದಲ ಪೀಸ್ ಕ್ವಾಲಿಟಿ ಒಪ್ಪಿಗೆಗೆ 25.

ಇದರಲ್ಲಿ 20 + 15 ಮಷಿನ್ ನಿಂತಿರುವಾಗ ಮಾಡಲೇಬಾರದ ಕೆಲಸ. ಮುಂದಿನ ಮೋಲ್ಡ್, ಅದರ ಕ್ಲಾಂಪ್, ಪ್ಯಾಕಿಂಗ್, ಬೋಲ್ಟ್, ಹೋಸ್, ಸ್ಪ್ಯಾನರ್ ಎಲ್ಲ ಒಂದು ಟ್ರಾಲಿಯಲ್ಲಿ ಒಂದು ಗಂಟೆ ಮೊದಲೇ ಮಷಿನ್ ಪಕ್ಕ ಬಂದಿರಬೇಕು. ಹುಡುಕಾಟ ಸೊನ್ನೆ, ಕ್ರೇನ್ 5.

ವಾಟರ್ ಲೈನ್‌ಗೆ ಹೋಸ್ ಕ್ಲಿಪ್ ತಿರುಗಿಸುವುದು ಬಿಟ್ಟು ಕ್ವಿಕ್ ಕಪ್ಲಿಂಗ್ ಹಾಕಿ, ಪ್ರತಿ ಮೋಲ್ಡಿಗೂ ಒಂದು ಮ್ಯಾನಿಫೋಲ್ಡ್ (ಎಲ್ಲ ಹೋಸ್ ಬಂದು ಸೇರುವ ಕೊಳವೆ), ಒಳಗೆ ಹೋಗುವುದು ನೀಲಿ, ಹೊರಗೆ ಬರುವುದು ಕೆಂಪು. 15ರ ಜಾಗದಲ್ಲಿ 5. ತಪ್ಪು ಜೋಡಿಸಿ ಒಂದು ಸರ್ಕ್ಯೂಟ್ ಸತ್ತರೆ ಸೈಕಲ್ 40ರಿಂದ 46 ಆಗುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ. ಬಣ್ಣ ಹಚ್ಚುವುದು ಅದಕ್ಕೆ.

ಆರೂ ಮೋಲ್ಡಿನ ಕ್ಲಾಂಪಿಂಗ್ ಅಂಚಿನ ದಪ್ಪ ಒಂದೇ ಮಾಡಿಸಿ. ದಪ್ಪ ಒಂದೇ ಆದರೆ ಬೋಲ್ಟ್ ಉದ್ದ ಒಂದೇ, ಕ್ಲಾಂಪ್ ಒಂದೇ, ಹಿಂದಿನ ಪ್ಯಾಕಿಂಗ್ ಒಂದೇ. ಲೊಕೇಟಿಂಗ್ ರಿಂಗ್ ಕೂಡ ಒಂದೇ ವ್ಯಾಸ. ಬೋಲ್ಟ್ ಪ್ಲಾಟನ್ (ಮೋಲ್ಡ್ ಕೂರಿಸುವ ಮಷಿನ್ ತಟ್ಟೆ) ಒಳಗೆ ಅದರ ವ್ಯಾಸದ ಒಂದೂವರೆ ಪಟ್ಟಾದರೂ ಇಳಿಯಬೇಕು, 16 ಎಂಎಂ ಬೋಲ್ಟ್ ಆದರೆ 24 ಎಂಎಂ. ಅವಸರದಲ್ಲಿ ನಾಲ್ಕು ಎಳೆ ಹಿಡಿಸಿ ಬಿಟ್ಟರೆ ಪ್ಲಾಟನ್ ಥ್ರೆಡ್ ಕಿತ್ತು ಬರುತ್ತದೆ, ಆಗ ಬ್ಯಾಚ್ ಮಾತು ಮರೆತು ಮಷಿನ್ ರಿಪೇರಿ ಮಾತಾಡಬೇಕು. ಸಮಯ ಉಳಿಸುವ ಹೆಸರಲ್ಲಿ ಒಂದನ್ನು ಮಾತ್ರ ಬಿಡಬೇಡಿ: ಚೈನ್ ಬಿಗಿಯಾಗಿ ಮೋಲ್ಡಿನ ಭಾರ ಹೊತ್ತ ಮೇಲೆಯೇ ಕ್ಲಾಂಪ್ ಸಡಿಲಿಸುವುದು.

ಹೀಗೆ ಇಳಿಸಲು 20, ಕೂರಿಸಲು 20. ಸರದಿ ಸರಿ ಇದ್ದರೆ ಪರ್ಜಿಂಗ್ ಸರಾಸರಿ 15. ಕ್ವಾಲಿಟಿಯವರಿಗೆ ಅರ್ಧ ಗಂಟೆ ಮೊದಲೇ ಹೇಳಿ, ಗೇಜ್ ಮಷಿನ್ ಹತ್ತಿರವೇ ಇದ್ದರೆ 10. ಒಟ್ಟು 75 ನಿಮಿಷ. ಟೊಯೊಟಾದಲ್ಲಿ 1969ರಲ್ಲಿ 1,000 ಟನ್ ಪ್ರೆಸ್ಸಿನ ಡೈ ಬದಲಾವಣೆಯನ್ನು ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ನಾಲ್ಕು ಗಂಟೆಯಿಂದ ಒಂದೂವರೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ನಮಗೆ ಮೂರು ನಿಮಿಷ ಬೇಡ, 75 ಸಾಕು.

ಮೋಲ್ಡ್ ಇಳಿಸುವಾಗ ಎರಡು ಕೆಲಸ. ನೀರಿನ ದಾರಿಗೆ ಗಾಳಿ ಹೊಡೆದು ಒಣಗಿಸಿ, ಕ್ಯಾವಿಟಿಗೆ ತುಕ್ಕು ತಡೆಯುವ ಸ್ಪ್ರೇ. ಮತ್ತು ಕೊನೆಯ ಶಾಟ್ ರನ್ನರ್ ಸಮೇತ ಮೋಲ್ಡಿಗೆ ಕಟ್ಟಿ. ಫ್ಲಾಶ್ (ಅಂಚಿನಲ್ಲಿ ಸೋರಿದ ಪ್ಲಾಸ್ಟಿಕ್) ಇದೆಯೇ, ಇಜೆಕ್ಟರ್ ಪಿನ್ ಗುರುತು ಆಳವಾಗಿದೆಯೇ ಎಂಬುದನ್ನು ಅದೇ ಟೂಲ್‌ರೂಮ್‌ಗೆ ಹೇಳುತ್ತದೆ. ಮುಂದಿನ ಸರದಿ ಯಾವಾಗ ಎಂದು ಗೊತ್ತಿದ್ದರೆ ಅವರು ಅಷ್ಟರೊಳಗೆ ಸರಿ ಮಾಡಿಕೊಡುತ್ತಾರೆ.

ಐಇ_ಲೆಕ್ಕ

75 ನಿಮಿಷ ಆದರೆ ಆ 40 ಗಂಟೆಯಲ್ಲಿ 32 ಬದಲಾವಣೆ ಹಿಡಿಯುತ್ತದೆ. ಆದರೆ 32ನ್ನೂ ಖರ್ಚು ಮಾಡಬೇಡಿ. ತಿಂಗಳಿಗೆ ನಾಲ್ಕು ಸುತ್ತು ಮಾಡಿ: ಕವರ್, ಹೌಸಿಂಗ್, ಬ್ರಾಕೆಟ್, ಕ್ಲಿಪ್ ನಾಲ್ಕು ಸಲ, ನಾಬ್ ಎರಡು, ಕ್ಯಾಪ್ ಒಂದು. 19 ಬದಲಾವಣೆ, 23.75 ಗಂಟೆ. ಹೌಸಿಂಗ್ ಬ್ಯಾಚ್ 6,000ಕ್ಕೆ ಬಂತು, ಸುತ್ತು ಆರೂಕಾಲು ದಿನ, ಹೆಚ್ಚೂಕಮ್ಮಿ ವಾರಕ್ಕೊಂದು. 16 ಗಂಟೆ ಉಸಿರಾಡಲು ಉಳಿಯಿತು. ಬಾಕಿ ಸಮಯಕ್ಕೆ ಹೊಸ ಆರ್ಡರ್ ಹಿಡಿಯುವ ಆಸೆ ಮಾರ್ಕೆಟಿಂಗ್‌ಗೆ ಬರುತ್ತದೆ, ಆ 16 ಗಂಟೆಯನ್ನು ಅವರಿಗೆ ತೋರಿಸದಿರುವುದೇ ವಾಸಿ.

75ಕ್ಕೆ ಇಳಿಯುವ ಮೊದಲೇ ನಾಲ್ಕು ಸುತ್ತಿಗೆ ಹೋಗಬೇಡಿ. 19 × 2.5 = 47.5, ಮಷಿನ್ ಮುಳುಗುತ್ತದೆ. ಸಣ್ಣ ಬ್ಯಾಚ್ ಕೆಲಸ ಮಾಡುವುದಿಲ್ಲ ಎಂದು ಕೈಬಿಟ್ಟ ಶಾಪ್‌ಗಳಲ್ಲಿ ಬಹಳಷ್ಟು ಎಡವುವುದು ಇಲ್ಲಿಯೇ.

ಡಿಸ್ಪ್ಯಾಚ್_ಗೇಟ್

ಮೋಲ್ಡಿಂಗ್ ಆದ ಮೇಲಿನದು ಎರಡು ಮಾತು. ಹೌಸಿಂಗ್ ಮೇಲೆ ಪ್ಯಾಡ್ ಪ್ರಿಂಟಿಂಗ್ ಇದ್ದರೆ 8,000 ಪೂರ್ತಿ ಆಗುವವರೆಗೆ ಕಾಯಬೇಡಿ. ಓಡಿಸುವ ಬ್ಯಾಚ್ ಬೇರೆ, ಸಾಗಿಸುವ ಬ್ಯಾಚ್ ಬೇರೆ. 200 ಪೀಸಿನ ಕ್ರೇಟ್ 67 ನಿಮಿಷಕ್ಕೊಂದು ತುಂಬುತ್ತದೆ, ಅದು ತುಂಬಿದ ಕೂಡಲೇ ಮುಂದಕ್ಕೆ ಹೋಗಲಿ. 44 ಗಂಟೆ ಕಾದು ಪ್ರಿಂಟಿಂಗ್ ಶುರು ಮಾಡಿದರೆ ಕೋರ್ ಪಿನ್ ಮುರಿದದ್ದು, ಗೇಟ್ ಗುರುತು ಎದ್ದದ್ದು ಎಲ್ಲ ಅಷ್ಟೂ ಪೀಸಿನಲ್ಲಿ ತುಂಬಿರುತ್ತದೆ.

ಕ್ಲಿಪ್ ಮಷಿನ್‌ನಿಂದ ಬಂದ ಕೂಡಲೇ ಕಳಿಸಬೇಡಿ. ಒಣಗಿದ ನೈಲಾನ್ ಕ್ಲಿಪ್ ಕೂರಿಸುವಾಗ ಪಟ್ಟನೆ ಮುರಿಯುತ್ತದೆ. ಬಿಸಿ ನೀರಿನಲ್ಲಿ ನೆನೆಸಿ, ಇಲ್ಲವೇ ಸ್ವಲ್ಪ ನೀರು ಹಾಕಿದ ಪಾಲಿಥೀನ್ ಚೀಲದಲ್ಲಿ ಕಟ್ಟಿ ತೇವ ಹೀರಿಕೊಳ್ಳಲು ಬಿಡಬೇಕು. ಅದಕ್ಕೆ ಒಂದೆರಡು ದಿನ ಶೆಡ್ಯೂಲ್‌ನಲ್ಲಿ ಬರೆಯಿರಿ. ಕ್ಲಿಪ್ಪಿನ ಸೇಫ್ಟಿ ಸ್ಟಾಕ್ ಲೆಕ್ಕ ಹಾಕುವಾಗ ನೆನೆಯುತ್ತಿರುವುದನ್ನು "ಕೈಯಲ್ಲಿದೆ" ಅಂತ ಎಣಿಸಬೇಡಿ.

ಪ್ಲಾನಿಂಗ್_ಪೀಣ್ಯ

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಕಸ್ಟಮರ್ ಶೆಡ್ಯೂಲ್ ವಾರದಿಂದ ವಾರಕ್ಕೆ ಬದಲಾಗುತ್ತದೆ, ಪ್ರತಿ ಸಲ 8,000 ಓಡಿಸಿದರೆ ಮತ್ತೆ ರಾಶಿ ಆಗುವುದಿಲ್ಲವೇ? ಇನ್ನೊಂದು, ಈಗಿನ ಸ್ಟಾಕ್ ಅಡ್ಡಾದಿಡ್ಡಿ ಇದೆ: ಹೌಸಿಂಗ್ 14,000, ಕವರ್ 700, ಕ್ಲಿಪ್ 22,000, ಬ್ರಾಕೆಟ್ 900, ನಾಬ್ 4,000, ಕ್ಯಾಪ್ 1,300. ಎಲ್ಲಿಂದ ಶುರು ಮಾಡುವುದು?

ಐಇ_ಲೆಕ್ಕ

ಸರದಿ ಬದಲಿಸಬೇಡಿ, ಸಂಖ್ಯೆ ಬದಲಿಸಿ. ಪ್ರತಿ ಐಟಂಗೆ ಒಂದು ತುಂಬುವ ಮಟ್ಟ ಇರಲಿ: ಒಂದು ಸುತ್ತಿನ ಬೇಡಿಕೆ ಮತ್ತು ಎರಡು ದಿನದ ಸೇಫ್ಟಿ. ಹೌಸಿಂಗ್‌ಗೆ 8,000 + 1,920 = 9,920. ಕವರ್ 4,960, ಬ್ರಾಕೆಟ್ 3,720, ಕ್ಲಿಪ್ 16,500. ಮೋಲ್ಡ್ ಏರಿಸುವ ದಿನ ಸ್ಟಾಕ್ ಎಣಿಸಿ, ಮಟ್ಟದಿಂದ ಕಳೆದದ್ದೇ ಬ್ಯಾಚ್. ಹೌಸಿಂಗ್ ಕೈಯಲ್ಲಿ 1,400 ಇದ್ದರೆ 8,520 ಓಡಿಸಿ, 3,000 ಇದ್ದರೆ 6,920. ಮೂರು ದಿನದೊಳಗಿನ ಸರದಿಯನ್ನು ಯಾರೂ ಮುಟ್ಟಬಾರದು. ಮುಟ್ಟಲೇಬೇಕಾದರೆ ಕೈಯಲ್ಲಿಟ್ಟ ಆ ಹದಿನಾರನೇ ಬದಲಾವಣೆ ಖರ್ಚಾಯಿತು ಎಂದು ಬೋರ್ಡಿನಲ್ಲಿ ಬರೆಯಿರಿ, ಕೇಳಿದವರ ಹೆಸರಿನ ಸಮೇತ. ಅರ್ಜೆಂಟ್ ನಾಬ್ ಆದರೆ ಹೌಸಿಂಗ್ ಬೆನ್ನಿಗೇ ಹಾಕಿಸಿ, ಪರ್ಜಿಂಗ್ ಉಳಿಯುತ್ತದೆ.

ಶುರು ಮಾಡುವುದಕ್ಕೆ ಸ್ಟಾಕನ್ನು ದಿನಕ್ಕೆ ಪರಿವರ್ತಿಸಿ. ಕವರ್ ಒಂದೂವರೆ ದಿನ, ಬ್ರಾಕೆಟ್ ಎರಡೂವರೆ, ನಾಬ್ ಹನ್ನೆರಡೂವರೆ, ಕ್ಲಿಪ್ ಹದಿಮೂರು ಮುಕ್ಕಾಲು, ಹೌಸಿಂಗ್ ಹದಿನಾಲ್ಕೂವರೆ, ಕ್ಯಾಪ್ ಇಪ್ಪತ್ತೊಂದೂವರೆ. ಮೊದಲು ಕವರ್, ಮಟ್ಟ ತುಂಬುವಷ್ಟು, 4,260. ಅದು ಮುಗಿಯುವ ಹೊತ್ತಿಗೆ ಒಂದೂವರೆ ದಿನ ಕಳೆದಿರುತ್ತದೆ, ಬ್ರಾಕೆಟ್ ಇನ್ನೂ ಒಂದು ದಿನಕ್ಕೆ ಉಳಿದಿರುತ್ತದೆ. ಬೂದಿನಿಂದ ಕಪ್ಪಿಗೆ, ಸರದಿಯೂ ಕೆಡುವುದಿಲ್ಲ. ಆಗ ಬ್ರಾಕೆಟ್ 3,360. ಮೊದಲ ಸುತ್ತಿನಲ್ಲಿ ಹೌಸಿಂಗ್, ಕ್ಲಿಪ್ ಎರಡನ್ನೂ ಹಾಕಲೇಬೇಡಿ, ಅವು ಈಗಾಗಲೇ ಮಟ್ಟಕ್ಕಿಂತ ಮೇಲಿವೆ.

ಮೂರನೇ ದಿನಕ್ಕೆ ಇವೆರಡೂ ಮುಗಿದು ಮಷಿನ್ ಖಾಲಿ ಆಗುತ್ತದೆ. ಆಪರೇಟರ್ ಸುಮ್ಮನೆ ಕೂತಿದ್ದಾನೆ ಎಂದು ಯಾರಾದರೂ ಹೌಸಿಂಗ್ ಏರಿಸಲು ಹೇಳುತ್ತಾರೆ, ಏರಿಸಬೇಡಿ. ಆ ಮೂರು ದಿನದಲ್ಲಿ ಹೌಸಿಂಗ್ ಮತ್ತು ಕ್ಲಿಪ್ ಮೋಲ್ಡ್ ಟೂಲ್‌ರೂಮ್‌ಗೆ ಕೊಟ್ಟು ಕ್ಲಾಂಪಿಂಗ್ ಅಂಚಿನ ದಪ್ಪ ಸರಿ ಮಾಡಿಸಿ, ಮ್ಯಾನಿಫೋಲ್ಡ್ ಕೂರಿಸಿ, ಟ್ರಾಲಿ ತಯಾರು ಮಾಡಿ. ಆರನೇ ದಿನ ಮತ್ತೆ ಕವರ್‌ನಿಂದ ಪೂರ್ತಿ ಸುತ್ತು ಶುರು: ಕವರ್, ಹೌಸಿಂಗ್, ನಾಬ್, ಬ್ರಾಕೆಟ್, ಕ್ಲಿಪ್. ಕ್ಯಾಪ್ ಅದರ ಮುಂದಿನ ಸುತ್ತಿಗೆ ಮೊದಲು. ನಾಬ್ ಹತ್ತನೇ ದಿನದೊಳಗೆ ಮಷಿನ್ ಮೇಲೆ ಬಂದಿದೆಯೇ ಎಂದು ಮಾತ್ರ ನೋಡಿಕೊಳ್ಳಿ, ಮೊದಲ ಸುತ್ತಿನಲ್ಲಿ ಹಾಕದ ಐಟಂಗಳಲ್ಲಿ ಮೊದಲು ಖಾಲಿಯಾಗುವ ಅಪಾಯ ಅದಕ್ಕೇ ಇದೆ.